ಕಂಪ್ಯೂಟರಿಗೆ ನಾನು ಕಟ್ಟದ ಚೀಟಿ

ಇದನ್ನು ಬರೆಯಬೇಕೆಂದು ಮೂರು ಸಲ ಹಾಳೆ ತೆಗೆದಿದ್ದೆ, ಮೂರು ಸಲವೂ ಮಡಚಿ ಇಟ್ಟೆ. ಈಗ ನನಗೆ ಎಪ್ಪತ್ತೊಂದು. ಇನ್ನೂ ಮುಂದಕ್ಕೆ ಹಾಕಿದರೆ ಹೇಳದೆಯೇ ಹೋಗಿಬಿಡುತ್ತೇನೆ ಅನ್ನಿಸಿ ಕೂತಿದ್ದೇನೆ.

ಮೂರು ವರ್ಷದ ಹಿಂದಿನ ಆಯುಧಪೂಜೆಯಿಂದ ಶುರು ಮಾಡುತ್ತೇನೆ. ಆಗ ರಾಮಮೂರ್ತಿ ನಗರದಲ್ಲಿ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ವಿಮಾನಪುರದ ಕಡೆ ಒಂದು ಸಣ್ಣ ಬಿಡಿಭಾಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು, ನಿವೃತ್ತನಾದ ಮೇಲೆ ಈ ಅಂಗಡಿ ಇಟ್ಟಿದ್ದೆ. ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಂತ್ರದ ಸೆಟ್ಟಿಂಗ್ ಯಾರೇ ಬದಲಾಯಿಸಲಿ, ರಟ್ಟಿನ ಚೀಟಿಯಲ್ಲಿ ಮೂರು ಸಾಲು ಬರೆದು ಯಂತ್ರದ ಹಿಡಿಗೆ ಕಟ್ಟಬೇಕು: ಏನು ಬದಲಾಯಿಸಿದ್ದು, ಯಾರು ಬದಲಾಯಿಸಿದ್ದು, ಯಾರಿಗೆ ತಿಳಿಸಿದ್ದು. ಮುಂದಿನ ಪಾಳಿಯವನು ಗೊತ್ತಿಲ್ಲದೆ ಕೈಯಿಟ್ಟರೆ ಬೆರಳೇ ಹೋಗಬಹುದು. ಮೂವತ್ತು ವರ್ಷದಲ್ಲಿ ಒಂದು ದಿನವೂ ನಾನು ಚೀಟಿ ತಪ್ಪಿಸಿದವನಲ್ಲ.

ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದವರು ಹಲಸೂರಿನಿಂದ ಬರುತ್ತಿದ್ದ ಒಬ್ಬ ಹೆಂಗಸು. ನಲವತ್ತರ ಆಸುಪಾಸು. ಮನೆಮಾತು ತಮಿಳು, ಆದರೆ ಆಕೆಯಷ್ಟು ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವವರನ್ನು ನಾನು ಕಂಡಿಲ್ಲ. ಆರು ವರ್ಷದಿಂದ ನನ್ನಲ್ಲಿದ್ದರು. ನಾನು ಕರೆಯುತ್ತಿದ್ದುದು ‘ಏನಮ್ಮ’ ಅಂತ, ಬೇರೆಯವರ ಮುಂದೆ ‘ನಮ್ಮ ಆಪರೇಟರ್’ ಅಂತ, ಅಷ್ಟೇ.

ನಮ್ಮ ಹಳೆಯ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದರೆ, ಕಾಫಿ ಕುಡಿದು ಬರುವವರೆಗೂ ತಿಣುಕುತ್ತಿತ್ತು. ಆಯುಧಪೂಜೆಗೆ ಯಂತ್ರ ಶುಚಿಯಾಗಬೇಕು ಎನ್ನುವುದು ಕಾರ್ಖಾನೆಯಿಂದ ಬಂದ ಅಭ್ಯಾಸ. ಹಿಂದಿನ ದಿನ ಹಳೇ ಡಿಸ್ಕ್ ತೆಗೆಸಿ ಅದರ ಜಾಗಕ್ಕೆ ವೇಗದ ಹೊಸ ಎಸ್ಎಸ್‌ಡಿ ಹಾಕಿಸಿ, ಹೊಸ ಆಪರೇಟಿಂಗ್ ಸಿಸ್ಟಂಗೆ ಏರಿಸಿಬಿಟ್ಟೆ. ಅದರ ಗುಣಗಳೆಲ್ಲ ಮೊಬೈಲಿನಲ್ಲಿ ನೋಡಿ ನೋಡಿ ನನಗೆ ಬಾಯಿಪಾಠವಾಗಿದ್ದವು. ಕಣ್ಣೆದುರಿನ ಕೆಲಸಕ್ಕೆ ಮೊದಲು ಶಕ್ತಿ ಕೊಡುತ್ತದೆ, ಹಿಂದೆ ಸುಮ್ಮನೆ ತೆರೆದಿದ್ದನ್ನು ಮಲಗಿಸುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ.

“ಎಣಿಸಮ್ಮ, ಒಂದು, ಎರಡು...” ಅಂದೆ. ಹತ್ತು ಮುಟ್ಟುವ ಮೊದಲೇ ಪರದೆ ಬಂತು.

“ಹಾಗಾದ್ರೆ ಇನ್ಮೇಲೆ ಬೆಳಿಗ್ಗೆ ಕಾಫಿ ಇಲ್ವಾ ಸಾರ್?” ಎಂದು ನಕ್ಕರು.

ಎರಡು ಕಿಟಕಿಗಳನ್ನು ಪರದೆಯಲ್ಲಿ ಪಕ್ಕಪಕ್ಕ ಕೂರಿಸುವುದನ್ನು ತೋರಿಸಿದೆ. ಆಕೆಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. “ಒಂದ್ಕಡೆ ಅವ್ರ ಕೈಬರಹ, ಒಂದ್ಕಡೆ ನನ್ನ ಟೈಪಿಂಗ್. ನನ್ನ ಕುತ್ತಿಗೆ ಉಳೀತು ಸಾರ್” ಅಂದರು.

ಆಕೆ ಊಟಕ್ಕೆ ಹೋದಾಗ ನಾನು ಸೆಟ್ಟಿಂಗ್ಸ್ ಒಳಗೆ ಇನ್ನಷ್ಟು ಹುಡುಕಿದೆ. ಬೇಡದ ಫೈಲುಗಳನ್ನು ಸಿಸ್ಟಂ ತಾನೇ ಗುಡಿಸಿಕೊಳ್ಳುವ ಏರ್ಪಾಡು ಒಂದಿತ್ತು. ಡೌನ್‌ಲೋಡ್ಸ್‌ನಲ್ಲಿ ಮೂವತ್ತು ದಿನ ಯಾರೂ ತೆರೆಯದ ಫೈಲುಗಳನ್ನು ತೆಗೆದುಹಾಕಲೇ ಎಂದು ಕೇಳುತ್ತಿತ್ತು. ಅದಾಗಿಯೇ ಮಾಡುವುದಿಲ್ಲ, ನಾವು ಒಪ್ಪಿದರೆ ಮಾತ್ರ. ನಾನು ಒಪ್ಪಿದೆ. ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ಅಲ್ಲೇ ಬಂದು ಬೀಳುತ್ತಿತ್ತು, ಆಕೆ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಅದು ನನಗೆ ಗೊತ್ತಿತ್ತು. ನನ್ನ ಕಣ್ಣಿಗೆ ಅದೆಲ್ಲ ಕಸ. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಪೂಜೆಯ ಹೂವು ತರಲು ಹೊರಟೆ. ಚೀಟಿ ಕಟ್ಟುವುದಿರಲಿ, ಬಾಯಿಮಾತಿಗೂ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಮುನಿಯಮ್ಮ ಬಂದರು. ಹಿಂದಿನ ಬೀದಿಯವರು, ಆ ಕಡೆ ಬರೀ ಹೊಲಗಳಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ಒಬ್ಬನೇ ಮಗ ಕಾಯಿಲೆಯಾಗಿ ತೀರಿಕೊಂಡಿದ್ದ. ಅವನ ಮೊಬೈಲು ಕೈಯಲ್ಲಿತ್ತು. ಬ್ಯಾಟರಿ ಉಬ್ಬಿ, ಆಗ ಹೋಗುತ್ತೋ ಈಗ ಹೋಗುತ್ತೋ ಎನ್ನುವಂತಿತ್ತು. ವರ್ಷದ ಕಾರ್ಯಕ್ಕೆ ಅವನ ಫೋಟೋಗಳದ್ದೊಂದು ಆಲ್ಬಂ ಆಗಬೇಕಿತ್ತು, ಅದು ಸಂಕ್ರಾಂತಿ ಆದ ಮೇಲೆ.

ನಮ್ಮ ಆಪರೇಟರ್ ಫೋಟೋಗಳನ್ನೆಲ್ಲ ಒಂದೊಂದಾಗಿ ಎಂದಿನಂತೆ ಡೌನ್‌ಲೋಡ್ಸ್‌ಗೇ ಇಳಿಸಿಕೊಂಡರು. ಕೊನೆಗೊಂದು ಸಣ್ಣ ವಿಡಿಯೋ. ಹುಡುಗ ಊಟಕ್ಕೆ ಕೂತಿದ್ದಾನೆ, ತಲೆ ಎತ್ತಿ “ಅಮ್ಮಾ, ಇನ್ನೊಂದು ಮುದ್ದೆ ಹಾಕು” ಅನ್ನುತ್ತಾನೆ, ಅಷ್ಟೇ. ಮುನಿಯಮ್ಮ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು.

“ಎಲ್ಲೂ ಹೋಗಲ್ಲ ಅಲ್ವೇನಮ್ಮ?” ಎಂದು ಕೇಳಿದರು.

“ಸಿಸ್ಟಂನಲ್ಲಿ ಭದ್ರವಾಗಿದೆ ಅಮ್ಮ. ನಾನಿದೀನಲ್ಲ” ಎಂದರು ಇವರು.

ಡಿಸೆಂಬರಿನಲ್ಲಿ ಒಂದು ದಿನ ಆಕೆ, “ಸಾರ್, ಹಳೇ ಫೈಲು ಕೆಲವು ಕಾಣ್ತಾ ಇಲ್ಲ” ಅಂದಿದ್ದರು. ನಾನು ಪೇಪರಿನಿಂದ ತಲೆ ಎತ್ತದೆ, “ಕಸ ಹೋದ್ರೆ ಒಳ್ಳೇದೇ ಬಿಡು” ಅಂದೆ. ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅಂತ ಇಷ್ಟು ದಿನ ಹೇಳಿಕೊಂಡಿದ್ದೇನೆ. ನಿಜವಾಗಿ ನಾನು ಯೋಚಿಸಲೇ ಇಲ್ಲ.

ಸಂಕ್ರಾಂತಿಯ ಮಾರನೆಯ ದಿನ ಆಕೆ ಆಲ್ಬಂ ಮಾಡಲು ಕೂತರೆ ಒಂದು ಫೋಟೋವೂ ಇಲ್ಲ. ಡಿಲೀಟ್ ಆದದ್ದು ಹೋಗಿ ಬೀಳುವ ಬುಟ್ಟಿಯಲ್ಲೂ ಇಲ್ಲ. ಗೊತ್ತಿರುವ ರಿಪೇರಿಯವನನ್ನು ಕರೆಸಿದೆ. ಅವನು ಅರ್ಧ ದಿನ ಕೂತು, “ಹಳೇ ಡಿಸ್ಕ್ ಆಗಿದ್ರೆ ಎತ್ಬಹುದಿತ್ತು. ಇದು ಹೊಸದು, ವೇಗಕ್ಕೋಸ್ಕರ ಅಳಿಸಿದ ಜಾಗಾನೂ ತಾನೇ ಒರೆಸಿ ಇಟ್ಕೊಳ್ಳುತ್ತೆ” ಎಂದು ಎದ್ದ. ಮೊಬೈಲು ತಿಂಗಳ ಹಿಂದೆಯೇ ಸತ್ತಿತ್ತು. ಫೋಟೋ ಇಲ್ಲಿದೆ ಎಂಬ ಧೈರ್ಯದಲ್ಲಿ ಮುನಿಯಮ್ಮ ಅದನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಿದ್ದರು.

ಅವರು ಬಂದಾಗ ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ವಿಷಯ ಕೇಳಿ ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. “ಆ ಮುದ್ದೆ ಕೇಳೋದೂ ಇಲ್ವಾ?” ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಪರೇಟರ್ ಕಡೆ ತಿರುಗಿದೆ.

“ಏನಮ್ಮ ಒತ್ತಿದೆ? ಯಾವುದರ ಜೊತೆ ಅಳಿಸಿದೆ?”

“ನಾನು ಅಳಿಸಿಲ್ಲ ಸಾರ್. ದೇವ್ರಾಣೆ.”

“ಮೂವತ್ತು ವರ್ಷ ಯಂತ್ರ ನೋಡಿದೀನಿ. ಯಂತ್ರ ತಾನಾಗಿ ಏನೂ ಮಾಡಲ್ಲ, ಕೈ ಮಾಡುತ್ತೆ. ಇದನ್ನ ಮುಟ್ಟೋ ಕೈ ನಿಂದು” ಎಂದೆ.

ಮುನಿಯಮ್ಮ ಆಕೆಯ ಎರಡೂ ಕೈ ಹಿಡಿದು ಜಗ್ಗಿದರು. “ನನ್ ಮಗನ್ನ ಎರಡನೇ ಸಲ ಮಣ್ಣಿಗೆ ಹಾಕ್ದೆಯಲ್ಲೇ! ಈ ಕೈ ಬಿದ್ದೋಗ!” ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದರು.

ಆಪರೇಟರ್ ಊಟದ ಡಬ್ಬಿ ತೆಗೆದುಕೊಂಡು ಹೊರಟವರು ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ನಮ್ಮ ಬೀದಿಯ ಬೇರೆ ಎರಡು ಅಂಗಡಿಗಳಲ್ಲಿ ಕೆಲಸ ಕೇಳಿದರಂತೆ. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು.

ಶಿವರಾತ್ರಿ ಹೊತ್ತಿಗೆ ನನ್ನ ಪೆನ್ಶನ್ ಕಾಗದದ ಸ್ಕ್ಯಾನ್ ಬೇಕಾಯಿತು. ನಾನೇ ಡೌನ್‌ಲೋಡ್ಸ್‌ನಲ್ಲಿ ಇಟ್ಟಿದ್ದೆ. ಇರಲಿಲ್ಲ. ಒಂದು ತಿಂಗಳಿಂದ ಆ ಕಂಪ್ಯೂಟರ್ ಮುಟ್ಟಿದ್ದು ನಾನೊಬ್ಬನೇ. ಸೆಟ್ಟಿಂಗ್ಸ್ ತೆರೆದೆ. ಮೂವತ್ತು ದಿನ, ನಾನು ಒಪ್ಪಿಕೊಟ್ಟದ್ದು ಹಾಗೇ ಇತ್ತು.

ಆಗ ನಾನು ಮಾಡಿದ್ದು ಏನು ಗೊತ್ತೇ? ಅದನ್ನು ಆಫ್ ಮಾಡಿ, ಹೊರಗೆ ಬಂದು ಟೀ ಕುಡಿದೆ. ಯಾರಿಗೂ ಹೇಳಲಿಲ್ಲ. ನನ್ನ ವಯಸ್ಸು, ಬೀದಿಯಲ್ಲಿ ನನಗಿದ್ದ ಮರ್ಯಾದೆ, ಇವೆರಡನ್ನೇ ಯೋಚಿಸಿದೆ.

ಒಂದು ವರ್ಷ ಕಳೆದು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಹೂವಿನ ಸಾಲಿನಲ್ಲಿ ಯಾರೋ “ಸಾರ್” ಎಂದು ಕರೆದರು. ಆಕೆಯೇ. ಒಬ್ಬರ ಅಂಗಡಿಯಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದರು. ಎದ್ದು ನಿಂತು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಆರೋಗ್ಯ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, “ಆ ಹುಡುಗನ ಫೋಟೋ ಸಿಕ್ತಾ ಸಾರ್?” ಎಂದು ಕೇಳಿದರು.

“ಇಲ್ಲಮ್ಮ” ಅಂದೆ.

“ನಾನೇ ಏನೋ ಒತ್ತಿರ್ಬೇಕು ಸಾರ್. ಅವತ್ತು ಇಲ್ಲ ಅಂದೆ. ಆಮೇಲೆ ಯೋಚ್ನೆ ಮಾಡಿ ಮಾಡಿ, ನಾನೇ ಮಾಡಿರ್ಬೇಕು ಅನ್ಸ್ತು. ಆ ಅಮ್ಮ ಕೈಗೇ ಶಾಪ ಹಾಕಿದ್ರಲ್ಲ, ಅದ್ಕೇ ಕೀಬೋರ್ಡ್ ಮುಟ್ಟೋದೇ ಬಿಟ್ಬಿಟ್ಟೆ.”

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಇದು: “ಆಗಿದ್ದು ಆಯ್ತು ಬಿಡಮ್ಮ. ನಾನೇನೂ ಮನಸ್ಸಿನಲ್ಲಿ ಇಟ್ಕೊಂಡಿಲ್ಲ.”

ಆಕೆಯ ಕಣ್ಣು ತುಂಬಿತು. “ದೊಡ್ಡ ಮನಸ್ಸು ಸಾರ್ ನಿಮ್ದು” ಎಂದು ಒಂದು ಮೊಳ ಹೂವು ಎಲೆಯಲ್ಲಿ ಸುತ್ತಿ ಕೊಟ್ಟರು. ನಾನು ಅದನ್ನು ತೆಗೆದುಕೊಂಡು ಬಂದೆ. ಮನೆಯಲ್ಲಿ ದೇವರಿಗೆ ಮುಡಿಸಲು ಆಗಲಿಲ್ಲ. ಬಿಸಾಡಲೂ ಆಗಲಿಲ್ಲ.

ಕಳೆದ ತಿಂಗಳು ಕೊನೆಗೂ ಮುನಿಯಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, “ಆ ಹೆಣ್ಮಗಳಿಗೆ ಬಾಯ್ತುಂಬ ಶಾಪ ಹಾಕಿದ್ನಲ್ಲಣ್ಣ. ಅದನ್ನ ಹೆಂಗೆ ವಾಪಸ್ ತಗೊಳ್ಳಲಿ? ಹೋಗು, ಮೊದ್ಲು ಅವಳನ್ನ ಕರ್ಕೊಂಡು ಬಾ” ಎಂದರು.

ರಸೆಲ್ ಮಾರುಕಟ್ಟೆಗೆ ಹೋದೆ. ಆ ಜಾಗದಲ್ಲಿ ಬೇರೆ ಯಾರೋ ಇದ್ದರು. ಹಲಸೂರಿನ ಮನೆ ಹುಡುಕಿದೆ. ಖಾಲಿ ಮಾಡಿ ತಿಂಗಳುಗಳಾಗಿವೆ ಅಂದರು. ಎಲ್ಲಿಗೆ ಹೋದರು ಎಂದು ಪಕ್ಕದವರಿಗೂ ಗೊತ್ತಿಲ್ಲ. ಹಳೆಯ ನಂಬರು ಬಳಕೆಯಲ್ಲಿಲ್ಲ. ಈಗಲೂ ಎಲ್ಲೋ ಕೂತು, ತಾನು ಮಾಡದ ತಪ್ಪಿಗೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಿರಬಹುದು.

ಅಂಗಡಿ ಮುಚ್ಚಿದ್ದೇನೆ. ಅವತ್ತು ಕಟ್ಟಬೇಕಾಗಿದ್ದ ಚೀಟಿಯನ್ನು ಇಲ್ಲಿ ಕಟ್ಟುತ್ತಿದ್ದೇನೆ.

ಬದಲಾಯಿಸಿದ್ದು: ಮೂವತ್ತು ದಿನ ತೆರೆಯದ ಫೈಲು ತಾನೇ ಅಳಿಸುವಂತೆ.

ಬದಲಾಯಿಸಿದವನು: ನಾನು.

ತಿಳಿಸಬೇಕಾಗಿದ್ದದ್ದು: ಕಲೈವಾಣಿಯವರಿಗೆ.