ಅಮ್ಮನ ಜಾಗದಲ್ಲಿ ಒಂದು ಸಂಜೆ

ಕಾರು ಓಡಿಸಲು ಕಲಿಸುವವರಿಗೆ ಕೋಪ ಬರಬಾರದು. ಸ್ಟೀರಿಂಗ್ ಹಿಡಿದವರು ಗೇರು ಹಾಕುವ ಬದಲು ವೈಪರ್ ಹಾಕಿದರೂ, ಎದುರಿಗೆ ಲಾರಿ ಕಂಡ ಕೂಡಲೇ ಎರಡೂ ಕೈ ಬಿಟ್ಟು ಕಣ್ಣು ಮುಚ್ಚಿಕೊಂಡರೂ, "ಪರವಾಗಿಲ್ಲ, ಇನ್ನೊಂದ್ಸಲ" ಅನ್ನಬೇಕು. ಇಪ್ಪತ್ತಾರು ವರ್ಷ ಹಾಗೆ ಅಂದವಳು ಅವಳು. ಪಕ್ಕದ ಸೀಟಿನಲ್ಲಿ ಕೂತ ಅವಳ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತಿತ್ತು. ಅದರ ಅಭ್ಯಾಸ ಎಷ್ಟೆಂದರೆ, ಬಸ್ಸಿನಲ್ಲಿ ಕೂತರೂ ಅವಳ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಅದನ್ನು ನೋಡಿ ಅಣ್ಣನ ಮಗಳು ಐದನೆಯ ವಯಸ್ಸಿನಲ್ಲೇ ಅವಳಿಗೆ ಬ್ರೇಕತ್ತೆ ಎಂದು ಹೆಸರಿಟ್ಟಳು. ಬಂಧುಬಳಗಕ್ಕೆಲ್ಲ ಅದೇ ಹೆಸರು ಗಟ್ಟಿಯಾಯಿತು.

ಆ ಮಗು ನಾಲ್ಕು ವರ್ಷದ್ದಿದ್ದಾಗ ಅದರ ಅಮ್ಮ ಮನೆ ಬಿಟ್ಟು ಹೋದಳು. ಗಂಡ ಹೆಂಡಿರ ನಡುವೆ ಏನಾಯಿತೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಅಣ್ಣನಿಗೆ ಜಡೆ ಹೆಣೆಯಲು ಬರುತ್ತಿರಲಿಲ್ಲ, ಜ್ವರ ನೋಡಲು ಬರುತ್ತಿರಲಿಲ್ಲ, ಅಳುವ ಮಗುವಿನ ಎದುರು ಎರಡು ನಿಮಿಷ ನಿಲ್ಲಲೂ ಬರುತ್ತಿರಲಿಲ್ಲ. ಬ್ರೇಕತ್ತೆ ತನ್ನ ಬಾಡಿಗೆ ಕೋಣೆ ಖಾಲಿ ಮಾಡಿ ಅಣ್ಣನ ಮನೆಗೆ ಬಂದಳು. ಶಾಲೆ ಬಿಟ್ಟ ಮೇಲೆ ಹುಡುಗಿ ತರಬೇತಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಮುಂದೆ ಯಾರೋ ಕ್ಲಚ್ ಬಿಟ್ಟು ಕಾರು ಜಿಗಿದಾಗ ಏಳರ ಮಗ್ಗಿಯ ಮೇಲೆ ಉದ್ದಕ್ಕೆ ಗೆರೆ ಬೀಳುತ್ತಿತ್ತು. ಹದಿನಾಲ್ಕು ವರ್ಷ ಹೀಗೆ ನಡೆಯಿತು. ಹುಡುಗಿ ಓದಲು ಹೊರಟ ಮೇಲೆ ಬ್ರೇಕತ್ತೆ ಮತ್ತೆ ಒಂದು ಸಣ್ಣ ಮನೆ ಹಿಡಿದು ಬೇರೆಯಾದಳು.

ಈಗ ಆ ಹುಡುಗಿಗೆ ಇಪ್ಪತ್ತಾರು. ಮದುವೆ ಭಾನುವಾರ ಸಂಜೆ, ಅಣ್ಣನ ಮನೆಯ ಹಿತ್ತಲಿನಲ್ಲೇ, ಬಯಲಿನಲ್ಲಿ. ವಾರದ ಹಿಂದೆ ಅಣ್ಣ ಫೋನು ಮಾಡಿದ್ದ. "ಶನಿವಾರ ಸಂಜೆ ರಿಹರ್ಸಲ್ ಇದೆ ಕಣೇ, ಮಗಳನ್ನ ವೇದಿಕೆಗೆ ನಡೆಸಿಕೊಂಡು ಬರೋದಕ್ಕೆ. ಮಗಳ ಎಡಗಡೆ ನೀನೇ ನಿಲ್ಬೇಕು. ತಪ್ಪಿಸ್ಬೇಡ."

ತಪ್ಪಿಸುವುದೆಲ್ಲಿಂದ ಬಂತು! ಶನಿವಾರದ ಮೂರು ಪಾಠಗಳನ್ನು ಅವಳು ಭಾನುವಾರ ಬೆಳಗಿಗೆ ತಳ್ಳಿದಳು. ಹಿಮ್ಮಡಿ ಎತ್ತರದ ಚಪ್ಪಲಿ ಜನ್ಮದಲ್ಲಿ ಹಾಕದವಳು ಒಂದು ಜೊತೆ ಕೊಂಡು, ನಾಲ್ಕು ದಿನ ಅಡುಗೆಮನೆಯಿಂದ ಬಾಗಿಲವರೆಗೆ ನಡೆದು ರೂಢಿ ಮಾಡಿಕೊಂಡಳು.

ಹಿತ್ತಲಿನಲ್ಲಿ ಹುಲ್ಲು ಕತ್ತರಿಸಿ, ಬಟ್ಟೆ ಒಣಹಾಕುವ ತಂತಿ ಬಿಚ್ಚಿ, ಬಿಳಿ ಕುರ್ಚಿಗಳನ್ನು ಆರು ಸಾಲಿನಲ್ಲಿ ಇಟ್ಟಿದ್ದರು. ಹಿಂಬಾಗಿಲಿನಿಂದ ವೇದಿಕೆಯವರೆಗೆ ಸುಣ್ಣದ ಎರಡು ಗೆರೆ. ಮದುವೆಯ ಉಸ್ತುವಾರಿ ವಹಿಸಿಕೊಂಡಿದ್ದ ಯುವತಿ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪಟ್ಟಿ ಹಿಡಿದು ಎಲ್ಲರನ್ನೂ ಕುಣಿಸುತ್ತಿದ್ದಳು.

"ಅಪ್ಪ ಬಲಗಡೆ, ಮೇಡಂ ನೀವು ಎಡಗಡೆ. ಒಂದೊಂದೇ ಹೆಜ್ಜೆ. ಆತುರ ಬೇಡ."

ಮೂರು ಸಲ ನಡೆದರು. ಮೊದಲ ಸಲ ಹಿಮ್ಮಡಿ ಹುಲ್ಲಿನಲ್ಲಿ ಹೂತಿತು. ಎರಡನೆಯ ಸಲ ಹುಡುಗಿ ಅವಳ ತೋಳು ಅಪ್ಪಿ ಹಿಡಿದು, "ನೀನು ಒಪ್ಕೊಂಡ್ಯಲ್ಲ ಅತ್ತೆ, ಅದೇ ನನಗೆ ದೊಡ್ಡದು" ಎಂದಳು. ತನ್ನ ಜೊತೆ ನಡೆಯಲು ಒಪ್ಪಿದ್ದನ್ನೇ ಹೇಳುತ್ತಿದ್ದಾಳೆ ಅಂದುಕೊಂಡ ಬ್ರೇಕತ್ತೆ, "ಹುಚ್ಚಿ, ಒಪ್ಪದೆ ಇರ್ತೀನಾ?" ಎಂದಳು. ಮೂರನೆಯ ಸಲ ಅವಳ ಕಣ್ಣು ತುಂಬಿ ಸುಣ್ಣದ ಗೆರೆಯೇ ಕಾಣಲಿಲ್ಲ.

ವೇದಿಕೆ ಮುಟ್ಟಿದಾಗ ಉಸ್ತುವಾರಿಯವಳು ಫೋಟೋದವನನ್ನು ಕರೆದು ಹೇಳಿದಳು. "ಲೈಟು ಇನ್ನೂ ಅರ್ಧ ಅಡಿ ಮೇಲೆ ಇರ್ಲಿ. ನಾಳೆ ಈ ಜಾಗದಲ್ಲಿ ಅಮ್ಮ ಇರ್ತಾರೆ. ಅವರು ಇವರಿಗಿಂತ ಎತ್ತರ ಅಂತೆ."

ಬ್ರೇಕತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರಮ್ಮ?"

"ಹುಡುಗಿಯ ಅಮ್ಮ, ಮೇಡಂ. ಅವರ ಗಾಡಿ ಬೆಳಿಗ್ಗೆ ಬರೋದು. ಅದಕ್ಕೇ ಇವತ್ತು ನೀವು." ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. "ನಿಮ್ಮ ಕುರ್ಚಿ ಎರಡನೇ ಸಾಲಲ್ಲಿದೆ. ಒಳ್ಳೇ ಜಾಗ, ನೆರಳಿದೆ."

ಬ್ರೇಕತ್ತೆ ಅಣ್ಣನ ಕಡೆ ತಿರುಗಿದಳು. ಅವನು ಆಗಲೇ ಫೋನು ಕಿವಿಗೆ ಒತ್ತಿಕೊಂಡು ಮನೆಯೊಳಗೆ ನಡೆದಿದ್ದ. ಫೋನು ರಿಂಗೇ ಆಗಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಅವಳ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ನಿನಗೆ ಗೊತ್ತಿರ್ಲಿಲ್ವಾ? ನಾವೆಲ್ಲ ಇಷ್ಟೊತ್ತು, ಎಂಥಾ ದೊಡ್ಡ ಮನಸ್ಸು ಇವಳದು ಅಂತ ಹೊಗಳ್ತಾ ಇದ್ವಲ್ಲೇ!"

ಆ ಹೊಗಳಿಕೆಯೇ ಅವಳನ್ನು ಸುಟ್ಟಿತು. ತನ್ನ ಹೆಸರಿನಲ್ಲಿ ಯಾರೋ ಔದಾರ್ಯ ಮೆರೆದಿದ್ದರು, ತನಗೇ ಗೊತ್ತಿಲ್ಲದೆ. ಅವಳು ಚಪ್ಪಲಿ ಕಳಚಿ ಅಲ್ಲೇ ಒದ್ದು, ಬರಿಗಾಲಲ್ಲಿ ಅಡುಗೆಮನೆಗೆ ನುಗ್ಗಿದಳು.

ಅಣ್ಣ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುತ್ತಿದ್ದ.

"ಫೋನಲ್ಲಿ ಯಾರು?"

"ಅದು... ಕುರ್ಚಿಯವನು."

"ಸುಳ್ಳು! ಹೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ವಾ ಅಣ್ಣ?"

"ಹೇಳೋಣ ಅಂತಲೇ ಇದ್ದೆ. ನೀನು ರೇಗ್ತೀಯ ಅಂತ ಸುಮ್ಮನಾದೆ. ನಿನ್ನ ಮೂಗಿನ ತುದೀಲೇ ಕೋಪ..."

"ನನ್ನ ಮೂಗಿನ ಸುದ್ದಿ ಎತ್ತಬೇಡ! ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಮೇಲೆ ಎಷ್ಟು ಸಲ ರೇಗಿದೀನಿ, ಲೆಕ್ಕ ಹೇಳು. ಮಗು ರಾತ್ರಿಯಿಡೀ ಕೆಮ್ಮಿದಾಗ ನೀನು ಬಾಗಿಲು ಹಾಕ್ಕೊಂಡು ಗೊರಕೆ ಹೊಡೆದೆ, ಆಗ ರೇಗಿದ್ನಾ? ನನ್ನ ನೋಡೋಕೆ ಬಂದವರಿಗೆಲ್ಲ 'ಇವಳು ಮಗು ಬಿಟ್ಟು ಬರಲ್ಲ' ಅಂತ ನೀನೇ ಹೇಳಿ ಕಳಿಸಿದೆ. ಆಗ ರೇಗಿದ್ನಾ?"

ಕೊನೆಯ ಮಾತು ಅವಳೂ ಹೇಳಬೇಕೆಂದು ಹೇಳಿದ್ದಲ್ಲ. ಅದು ಅಷ್ಟು ವರ್ಷ ಒಳಗೆ ಕೂತಿತ್ತೆಂದು ಅವಳಿಗೂ ಆಗಲೇ ತಿಳಿದದ್ದು. ಅಣ್ಣ ಲೋಟ ಕೆಳಗಿಟ್ಟ. ನೀರು ಕುಡಿಯಲಿಲ್ಲ.

ಬಾಗಿಲಲ್ಲಿ ಹುಡುಗಿ ನಿಂತಿದ್ದಳು. "ಅಪ್ಪ, ಅತ್ತೆ ಒಪ್ಪಿದಾಳೆ ಅಂದ್ಯಲ್ಲ? ಮನೆಗೇ ಹೋಗಿ ಮಾತಾಡಿಕೊಂಡು ಬಂದೆ ಅಂದ್ಯಲ್ಲ?"

ಅವಳು ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಅಮ್ಮನ್ನ ಕರೆದಿದ್ದು ನಾನೇ" ಎಂದಳು ಹುಡುಗಿ. "ಒಂದು ಸಲ ಅವಳ ಕೈ ಹಿಡಿದು ನಡೀಬೇಕು ಅನ್ನಿಸ್ತು. ಆದ್ರೆ ನಿನ್ನ ಕೇಳದೆ ಅಲ್ಲ. ನಿನ್ನಾಣೆ."

"ಅಮ್ಮನ್ನ ಕರೆಯೋದು ತಪ್ಪು ಅಂತ ನಾನು ಅಂದ್ನಾ?" ಎಂದಳು ಬ್ರೇಕತ್ತೆ. ಕೋಪ ಇಳಿದಿರಲಿಲ್ಲ. "ಕೇಳಿದ್ರೆ ಜಾಗ ಬಿಟ್ಟು ಕೊಡ್ತಿದ್ನೋ ಇಲ್ವೋ, ನನಗೂ ಗೊತ್ತಿಲ್ಲ. ಬಹುಶಃ ಒಂದು ವಾರ ಅಳ್ತಿದ್ದೆ, ಬೈತಿದ್ದೆ. ಆ ಒಂದು ವಾರ ನನ್ನದು. ಅದನ್ನ ಇವನು ಕಿತ್ಕೊಂಡ. ಊರವರ ಮುಂದೆ ನನ್ನ ಗೊಂಬೆ ಥರ ನಿಲ್ಲಿಸಿ, ಎತ್ತರ ಅಳೆಸಿದ."

ಹೊರಗಿನಿಂದ ಮೈಕು ಕೂಗಿತು. "ಅಮ್ಮನ ಜಾಗದವರು ಬರಬೇಕು, ಇನ್ನೊಂದೇ ಸಲ!"

ಹುಡುಗಿ ಕಣ್ಣೊರೆಸಿಕೊಂಡು ಹೊರಗೆ ಹೋದಳು. ಉಸ್ತುವಾರಿಯವಳ ಕೈಯಿಂದ ಪಟ್ಟಿ ತೆಗೆದುಕೊಂಡು, ಪೆನ್ನಿನಿಂದ ಎರಡು ಸಾಲು ಹೊಡೆದು ಹಾಕಿದಳು. "ನಾಳೆ ನಾನೊಬ್ಬಳೇ ನಡೀತೀನಿ. ಎಡಗಡೆ, ಬಲಗಡೆ ಯಾರೂ ಬೇಡ."

"ಚೆನ್ನಾಗಿ ಕಾಣಲ್ಲ ಮೇಡಂ..."

"ಕಾಣದೆ ಇರ್ಲಿ."

ಆ ನಾಲ್ಕನೆಯ ನಡಿಗೆಯನ್ನು ನೋಡಲು ಬ್ರೇಕತ್ತೆ ನಿಲ್ಲಲಿಲ್ಲ. ನೆಂಟರ ಸಾಲಿನ ಮುಂದೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗೆ ದೊಡ್ಡ ಮನಸ್ಸು ಅಂತ ಯಾರೂ ಹೊಗಳಬೇಡಿ. ಇವತ್ತು ನಾನಿಲ್ಲಿ ನಿಂತಿದ್ದು ನನಗೆ ಗೊತ್ತಿಲ್ಲದೆ. ಗೊತ್ತಿದ್ರೆ ನಿಲ್ತಿರಲಿಲ್ಲ." ಗೇಟು ದಾಟಿ ಹೋದಳು. ಯಾರೂ ತಡೆಯಲಿಲ್ಲ. ತಡೆಯುವ ಧೈರ್ಯ ಯಾರಿಗಿತ್ತು?

ಮಾರನೆಯ ದಿನ ಅವಳು ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಬೆಳಿಗ್ಗೆ ಮೂರು ಪಾಠ ಮುಗಿಸಿ, ದಿನದ ಹಳೆಯ ಚಪ್ಪಲಿಯಲ್ಲೇ ಬಂದಳು. ಕುರ್ಚಿಗೆ ಹೋಗದೆ ಹಿಂದೆ ಗೋಡೆಗೊರಗಿ ನಿಂತಳು. ಹುಡುಗಿ ಒಬ್ಬಳೇ, ತಲೆ ಎತ್ತಿ, ಒಂದು ಹೆಜ್ಜೆಯೂ ತಪ್ಪದೆ ನಡೆದಳು. ಅದನ್ನು ನೋಡಿ ಬ್ರೇಕತ್ತೆಗೆ ಗೆದ್ದೆ ಅನ್ನಿಸಲಿಲ್ಲ. ಈ ಹುಡುಗಿಯ ಎರಡೂ ಪಕ್ಕ ಖಾಲಿಯಾಗಬೇಕಿರಲಿಲ್ಲ.

ಊಟದ ಹೊತ್ತಿಗೆ ಎತ್ತರದ, ಕೂದಲು ನರೆತ ಹೆಂಗಸೊಬ್ಬಳು ಅವಳ ಪಕ್ಕಕ್ಕೆ ಬಂದು ನಿಂತಳು. ಅತ್ತಿಗೆ. ಇಪ್ಪತ್ತೆರಡು ವರ್ಷದ ಮೇಲೆ.

"ನನ್ನ ನೋಡಿದ್ರೆ ನಿನಗೆ ಸಿಟ್ಟು ಬರಲ್ವಾ?"

"ಬರುತ್ತೆ ಅತ್ತಿಗೆ. ಆದ್ರೆ ಸದ್ಯಕ್ಕೆ ಸರದಿಯಲ್ಲಿ ನೀವು ಎರಡನೆಯವರು."

ಅತ್ತಿಗೆ ನಗಲು ಹೋಗಿ ಅತ್ತಳು. ಬ್ರೇಕತ್ತೆ ಸಮಾಧಾನ ಮಾಡಲಿಲ್ಲ. ಆದರೆ ಪಕ್ಕದಿಂದ ಸರಿಯಲೂ ಇಲ್ಲ.

ಅಣ್ಣನ ಜೊತೆ ನಾಲ್ಕು ತಿಂಗಳು ಮಾತಿಲ್ಲ. ಆಮೇಲೆ ಒಂದು ದಿನ ಅವನು ತರಬೇತಿ ಶಾಲೆಯ ಅಂಗಳಕ್ಕೆ ಬಂದು, ಯಾರೂ ಇಲ್ಲದ್ದು ನೋಡಿ, "ತಪ್ಪಾಯ್ತು ಕಣೇ" ಎಂದ.

"ನಿಲ್ಲಿಸಿದ್ದು ಎಲ್ಲರ ಮುಂದೆ. ತಪ್ಪಾಯ್ತು ಅನ್ನೋದು ಮಾತ್ರ ಯಾರೂ ಇಲ್ಲದ ಕಡೆಯಾ?"

ಅವನು ತಲೆ ತಗ್ಗಿಸಿ ಹೋದ. ಮುಂದಿನ ವಾರದಲ್ಲಿ ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ತಂಗಿ ಒಪ್ಪಿದ್ದಾಳೆಂದು ತಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡನಂತೆ. ಸುದ್ದಿ ಮುಟ್ಟಿಸಿದವಳು ಚಿಕ್ಕಮ್ಮ. "ಇನ್ನಾದ್ರೂ ಕೋಪ ಬಿಡೇ" ಎಂದಳು.

"ಅವನ ಮಾತು ಅವನು ಹೇಳಿದಾನೆ, ಒಳ್ಳೇದು" ಎಂದಳು ಬ್ರೇಕತ್ತೆ. "ಕೋಪ ನನ್ನದು. ಯಾವಾಗ ಬಿಡಬೇಕು ಅಂತ ನಾನು ನೋಡ್ಕೋತೀನಿ."

ಫೋನಿಟ್ಟು, ಕಾದು ಕೂತಿದ್ದ ಹೊಸಬನ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು.