ರದ್ದಾಗದ ವಟಮುಖತ್ಯಾರ

ನನ್ನ ಗಂಡನಿಗೆ ಲಕ್ವಾ ಹೊಡೆದದ್ದು ಆಟೋ ನಗರದ ನಮ್ಮ ಶೆಡ್ಡಿನಲ್ಲಿ. ಲಾರಿಗಳ ಪಾಟಾ, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿ, ಬಿಚ್ಚಿ ಕೂಡಿಸುವುದು ಅವರ ಕೆಲಸ. ಲಾರಿಯ ಕೆಳಗೆ ಮಲಗಿದವರು ಕರೆದರೂ ಓಗೊಡಲಿಲ್ಲವೆಂದು ಕೆಲಸದವರು ಕಾಲು ಹಿಡಿದು ಎಳೆದುಕೊಂಡರಂತೆ. ಹೊಸ ಶತಮಾನ ಬಂತೆಂದು ಬೆಳಗಾವಿಯ ಪೇಟೆಯಲ್ಲೆಲ್ಲ ಬಣ್ಣದ ದೀಪ ಕಟ್ಟಿದ್ದ ಚಳಿಗಾಲ ಅದು. ದವಾಖಾನೆಯಿಂದ ವಡಗಾವಿಯ ನಮ್ಮ ಮನೆಗೆ ಕರೆತಂದಾಗ ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಬುದ್ಧಿ ಮಾತ್ರ ಚೊಕ್ಕ ಇತ್ತು. ರೇಡಿಯೋದಲ್ಲಿ ಕ್ರಿಕೆಟ್ ಕೇಳುವಾಗ ನಮ್ಮವರ ವಿಕೆಟ್ ಬಿದ್ದರೆ ಮುಖ ಸಿಂಡರಿಸುತ್ತಿದ್ದರು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಅವರ ಮೈ ಒರೆಸಿ, ಗಂಜಿ ಕುಡಿಸಿ ಶಾಲೆಗೆ ಹೋಗುತ್ತಿದ್ದೆ. ನಮಗೆ ಒಬ್ಬಳೇ ಮಗಳು, ಆಗ ಕಾಲೇಜಿನ ಮೊದಲ ವರ್ಷ. ಅವಳು ಮಧ್ಯಾಹ್ನ ಬಂದು ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು. ಶೆಡ್ಡಿನ ಕಡೆಗೆ ಹೋಗಲು ನನಗೆ ಪುರಸೊತ್ತಾಗಲಿಲ್ಲ. ಗಂಡನ ಅಣ್ಣ, ಅಂದರೆ ನಮ್ಮ ಭಾವ, ಖಾನಾಪುರದಿಂದ ಬಂದು ಹೋಗುತ್ತಿದ್ದರು. ಊರಿನ ಭತ್ತದ ಗದ್ದೆ ನೋಡಿಕೊಳ್ಳುವವರು ಅವರೇ. ಬಂದಾಗೆಲ್ಲ ತಮ್ಮನ ತಲೆ ಸವರಿ, ಮರಾಠಿಯಲ್ಲಿ ಏನೋ ಮೆಲ್ಲಗೆ ಹೇಳಿ ಹೋಗುವರು. "ಶೆಡ್ಡಿನ ಚಿಂತಿ ಬಿಡು ತಂಗಿ, ನಾ ನೋಡಕೋತೇನಿ," ಅಂದಿದ್ದರು. ನಾನು ಬಿಟ್ಟೆ.

ಸುದ್ದಿ ತಂದವರು ಕಾಕತಿಯ ಲಾರಿ ಮಾಲೀಕರೊಬ್ಬರು, ನಮ್ಮ ಹಳೇ ಗಿರಾಕಿ. ಯಜಮಾನರನ್ನು ನೋಡಲು ಬಂದವರು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು.

"ಅಕ್ಕಾರ, ಶೆಡ್ಡ ಮಾರಿದ್ರೇನ್ರಿ?"

"ಯಾರ ಹೇಳಿದ್ರು?"

"ಯಾರ ಹೇಳೂದೇನ್ರಿ, ಹೊಸಾ ಬೋರ್ಡ್ ಬಿದ್ದೈತಿ. ನಿಮ್ಮ ಭಾವನ ಹಿರೇ ಮಗ ಕುಂತಾನ."

ಮರುದಿನ ರಜೆ ಹಾಕಿ ವಕೀಲರ ಬಳಿ ಹೋದೆ. ಅವರು ನೋಂದಣಿ ಕಚೇರಿಯಲ್ಲಿ ನಕಲು ತೆಗೆಸಿದರು. ಲಕ್ವಾ ಹೊಡೆಯುವುದಕ್ಕೆ ಮೂರು ವರ್ಷ ಮೊದಲೇ ನನ್ನ ಗಂಡ ಅಣ್ಣನಿಗೆ ವಟಮುಖತ್ಯಾರ ಬರೆದುಕೊಟ್ಟಿದ್ದರು. ತಮ್ಮ ಆಸ್ತಿಯನ್ನು ತಮ್ಮ ಪರವಾಗಿ ನೋಡಿಕೊಳ್ಳಲು, ಬಾಡಿಗೆಗೆ ಕೊಡಲು, ಮಾರಲು, ಸಹಿ ಮಾಡಲು ಅಣ್ಣನಿಗೆ ಪೂರ್ತಿ ಅಧಿಕಾರ. ಗದ್ದೆಯ ಸಲುವಾಗಿ ಮಾಡಿದ್ದಿರಬೇಕು ಅಂದುಕೊಂಡೆ. ಆದರೆ ಅದರಲ್ಲಿ ಶೆಡ್ಡೂ ಇತ್ತು, ನನ್ನ ಸಂಬಳದಿಂದಲೂ ಸಾಲ ತೀರಿಸಿ ಕಟ್ಟಿದ, ಅವರ ಹೆಸರಿನಲ್ಲಿದ್ದ ವಡಗಾವಿಯ ಮನೆಯೂ ಇತ್ತು. ಆ ಬಲದ ಮೇಲೆ ಭಾವ ಶೆಡ್ಡನ್ನು ತಮ್ಮ ಮಗನ ಹೆಸರಿಗೇ ಖರೀದಿ ಹಾಕಿಸಿದ್ದರು.

"ಮನಿ ಉಳೀಬೇಕಂದ್ರ ಮೊದಲ ಇದನ್ನ ರದ್ದ ಮಾಡಸ್ರಿ," ಅಂದರು ವಕೀಲರು. "ರದ್ದ ಮಾಡಾವ್ರು ನಿಮ್ಮ ಯಜಮಾನರ ಆಗಬೇಕು. ಅವರಿಗೆ ತಿಳೀತೈತಿ ಹೌದಲ್ರಿ? ಸಬ್ ರಜಿಸ್ಟ್ರಾರ್ ಸಾಹೇಬರನ್ನ ಮನಿಗೇ ಕರಸೂಣು. ಎಡಗೈ ಹೆಬ್ಬಟ್ಟ ಸಾಕು."

ಆ ವಾರವಿಡೀ ಗಂಡನ ಬದಿಗೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ. ಶೆಡ್ಡು ಹೋದದ್ದು, ಮನೆಯೂ ಹೋಗಬಹುದಾದದ್ದು, ಮಗಳ ಓದು. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅಣ್ಣನ ಮೋಸಕ್ಕೆ ನೊಂದಿದ್ದಾರೆ ಎಂದು ತಿಳಿದು ನಾನೇ ಸಮಾಧಾನ ಮಾಡಿದೆ.

ವಕೀಲರ ಜೊತೆ ಸಾಹೇಬರು ಬಂದ ದಿನ ಮನೆ ಸಾರಿಸಿ, ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದೆ. ಚಳಿಗೆ ಕಂಬಳಿ ಹೊದಿಸಿ ದಿಂಬಿಗೆ ಆನಿಸಿ ಕೂರಿಸಿದ್ದೆವು. ಮಗಳು ಒಳಗೆ ಚಹಾಕ್ಕಿಟ್ಟಿದ್ದಳು. ಸಾಹೇಬರು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು.

"ನಾ ಅನ್ನೂದು ಕೇಳಸ್ತೈತೇನ್ರಿ?"

ಅವರು ತಲೆಯಾಡಿಸಿದರು.

"ಇವರು ನಿಮ್ಮ ಮನಿಯವ್ರ ಹೌದೇನ್ರಿ?"

ನನ್ನ ಕಡೆ ನೋಡಿ ಹೌದೆಂದರು.

"ನಿಮ್ಮ ಅಣ್ಣಾವ್ರಿಗೆ ಕೊಟ್ಟ ವಟಮುಖತ್ಯಾರ ರದ್ದ ಮಾಡಾಕ ಒಪ್ಪಿಗಿ ಐತೇನ್ರಿ?"

ಸಾಹೇಬರು ಇನ್ನೊಮ್ಮೆ ಕೇಳಿದರು. ಖಾನಾಪುರದವರೆಂದು ಗೊತ್ತಿದ್ದುದರಿಂದ ಅದನ್ನೇ ಮರಾಠಿಯಲ್ಲೂ ಕೇಳಿದರು. ಆಗ ನನ್ನ ಗಂಡ ತಲೆಯನ್ನು ಅತ್ತಿಂದಿತ್ತ ಅಲುಗಿಸಿದರು. ತಿಳಿಯದೆ ಮಾಡಿದ್ದಲ್ಲ, ತಡವರಿಸಿದ್ದೂ ಅಲ್ಲ. ವಕೀಲರು ಶಾಯಿಯ ಪ್ಯಾಡು ಮುಂದೆ ಹಿಡಿದಾಗ, ಇದ್ದೊಂದು ಎಡಗೈಯನ್ನು ಕಂಬಳಿಯೊಳಗೆ ಎಳೆದುಕೊಂಡರು.

ಮಗಳು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅವರಿಗೆ ಮನಸಿಲ್ರಿ ಅಕ್ಕಾರ," ಅಂದರು ಸಾಹೇಬರು, ನನ್ನ ಮುಖ ನೋಡದೆ. ವ್ಯಕ್ತಿ ಎಚ್ಚರದಲ್ಲಿದ್ದಾರೆ, ರದ್ದಿಗೆ ನಿರಾಕರಿಸಿದ್ದಾರೆ ಎಂದು ಷರಾ ಬರೆದರು. ಚಹಾ ಮುಟ್ಟದೆ ಎದ್ದು ಹೋದರು.

ಸಂಜೆ ಗಂಜಿಯ ಚಮಚ ಬಾಯಿಗೆ ಹಿಡಿದು ಕೇಳಿದೆ. "ಯಾಕ? ನಾ ಏನ ಮಾಡೇನಿ ನಿಮಗ?" ಅವರ ಕಣ್ಣಿಂದ ನೀರಿಳಿಯಿತು. ನನಗೆ ಕರಗಬೇಕೆನಿಸಲಿಲ್ಲ. ನೀರು ಒರೆಸಿ ಗಂಜಿ ಪೂರ್ತಿ ಕುಡಿಸಿದೆ. ತಮ್ಮನು ತಾಂತ್ರಿಕ ಶಾಲೆ ಕಲಿಯಲೆಂದು ಅಣ್ಣ ತಾನು ಶಾಲೆ ಬಿಟ್ಟು ಲೋಂಡಾದಲ್ಲಿ ಕಟ್ಟಿಗೆ ಹೊತ್ತದ್ದನ್ನು ನಾನು ಬಲ್ಲೆ. ಆ ಋಣವೋ, ಮಗನಿಲ್ಲದವನ ಆಸ್ತಿ ಅಣ್ಣನ ಮಕ್ಕಳಲ್ಲೇ ಉಳಿಯಲೆಂಬ ಆಸೆಯೋ, ಅವರು ಹೇಳಲಾರರು. ಮಾತಿದ್ದರೂ ಹೇಳುತ್ತಿದ್ದರೆಂದು ಈಗ ನನಗೆ ಅನಿಸುವುದಿಲ್ಲ.

ಅದಾದ ಮೇಲೆ ಎರಡು ವರ್ಷ ಅವರ ಹೇಲು ಉಚ್ಚೆ ಬಳಿದೆ. ಬೇರೆಯವರ ದಯೆಯ ಮೇಲೆ ನಿಂತ ಮನೆಯಲ್ಲಿ ಬಳಿದೆ. ಭಾವ ಬಂದು ಹೋಗುವುದನ್ನು ನಿಲ್ಲಿಸಲಿಲ್ಲ. ಒಮ್ಮೆ ಪಡಸಾಲೆಯಲ್ಲಿ ಕುಳಿತು, "ನಾ ಇರೂತನಾ ನಿಮ್ಮನ್ನ ಈ ಮನಿ ಬಿಡ ಅನ್ನೂದಿಲ್ಲ," ಅಂದರು. ಉಪಕಾರದ ಮಾತು ಎಂದೇ ಅವರು ತಿಳಿದಿದ್ದರು. ಇಂದಿಗೂ ಅವರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ಏಳುವುದಿಲ್ಲ, ಅದೂ ನನಗೆ ಸಿಟ್ಟೇ.

ಗಂಡ ತೀರಿಕೊಂಡ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಭಾವ ಮನೆಯ ಕಾಗದಗಳನ್ನು ಕೇಳಿದರು. ನಾನು ವಕೀಲರು ಹೇಳಿದ್ದನ್ನೇ ಹೇಳಿದೆ.

"ಕೊಟ್ಟಾವ್ರು ಹೋದಮ್ಯಾಲ ಆ ಅಧಿಕಾರ ಹೋತ್ರಿ ಭಾವಾರ. ಮನಿ ಈಗ ನನ್ನದು, ನನ್ನ ಮಗಳದು."

ಅವರಿಗೆ ಇದು ಗೊತ್ತಿರಲಿಲ್ಲ. ಖರೇನೇ ಬೆರಗಾಗಿ ನನ್ನನ್ನು ನೋಡಿದರು. "ಅಂವಾ ನನಗ ಎಲ್ಲಾ ಕೊಟ್ಟಿದ್ದ," ಅಂದರು. ತಮ್ಮನನ್ನು ಕಳೆದುಕೊಂಡ ದುಃಖ ಆ ದನಿಯಲ್ಲಿತ್ತು, ಸುಳ್ಳು ಹೇಳಲಾರೆ. ಆದರೆ ಮನೆ ಉಳಿಯಿತು, ಗದ್ದೆಯಲ್ಲಿ ಪಾಲು ಕೂಡ ಬಂತು. ಆ ಪಾಲನ್ನು ಸಾಗುವಳಿ ಮಾಡಲು ಖಾನಾಪುರದಲ್ಲಿ ಭಾವನ ಹೆದರಿಕೆಗೆ ಯಾರೂ ಮುಂದೆ ಬರಲಿಲ್ಲ. ಬಹಳ ದಿನ ಹಾಗೇ ಬೀಳು ಬಿತ್ತು.

ಶೆಡ್ಡಿನ ಸಲುವಾಗಿ ನಾನು ದಾವೆ ಹೂಡಿದೆ. ಕೋರ್ಟಿನಲ್ಲಿ ಎದುರಿನ ವಕೀಲರು ಸಬ್ ರಜಿಸ್ಟ್ರಾರರ ಆ ಷರಾವನ್ನೇ ಓದಿದರು. ಮಾರಾಟದ ಸಂಗತಿ ತಿಳಿದ ಮೇಲೂ, ಎಚ್ಚರದಲ್ಲಿದ್ದಾಗಲೇ, ಮಾಲೀಕರು ಅಣ್ಣನ ಅಧಿಕಾರವನ್ನು ರದ್ದು ಮಾಡಲು ಒಪ್ಪಿಲ್ಲ ಎಂದರು. ಸಾಹೇಬರನ್ನು ಮನೆಗೆ ಕರೆಸಿದವಳು ನಾನೇ ಆಗಿದ್ದೆ. ದಾವೆ ವಜಾ ಆಯಿತು.

ತೀರ್ಪಿನ ದಿನ ಕೋರ್ಟಿನ ಅಂಗಳದಲ್ಲಿ ಭಾವ ಹತ್ತಿರ ಬಂದರು. ಮುದುಕರಾಗಿದ್ದರು. "ಹೊತ್ತ ಆಗೇತಿ ತಂಗಿ, ಉಂಡ ಹೋಗೂಣು ಬಾ," ಅಂದರು. ನಾನು ಬಸ್ಸು ಹಿಡಿದೆ.

ಮನೆಯಲ್ಲಿ ಮಗಳು ಕೇಳಿದಳು, "ಏನಾತವ್ವಾ, ಯಾರ ಗೆದ್ರು?"

"ನಿಮ್ಮಪ್ಪ," ಅಂದೆ.

ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು ಅನ್ನಕ್ಕಿಡಲು ಒಳಗೆ ಹೋದಳು.