ಫೋರ್ಟ್ ಲೀಯಲ್ಲಿ ಶಿವಕ್ಕ ಕುದಿಸಿದ ಬೇರು

ಶಿವಲಿಂಗಮ್ಮ ಅಮೆರಿಕಕ್ಕೆ ಬಂದಾಗ ಅವರಿಗೆ ಐವತ್ತೆಂಟು ವರ್ಷ. ಗುಂಡ್ಲುಪೇಟೆ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ನರ್ಸಮ್ಮನಾಗಿ ದುಡಿದು, ಲೆಕ್ಕವಿಲ್ಲದಷ್ಟು ಹೆರಿಗೆ ಮಾಡಿಸಿ, ಆಗಷ್ಟೇ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ನ್ಯೂ ಜೆರ್ಸಿಯ ಪಿಸ್ಕಾಟವೇಯಲ್ಲಿದ್ದ ತಂಗಿ ಚನ್ನಮ್ಮ ಕಾಗದಪತ್ರ ಹಾಕಿ ಅಕ್ಕನನ್ನು ಕರೆಸಿಕೊಂಡಳು. ಕನ್ನಡ ಕೂಟದವರಿಗೆಲ್ಲ ಅವರು ಶಿವಕ್ಕ ಆದರು.

ಮೊದಲ ವರ್ಷ ತಂಗಿಯ ಮನೆಯಲ್ಲಿ ಸುಮ್ಮನೆ ಕೂತು ಉಂಡರು. ಚನ್ನಮ್ಮನ ಗಂಡ ನಂಜುಂಡಸ್ವಾಮಿ ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಆದರೂ ಫ್ರಿಜ್ ಬಾಗಿಲು ತೆಗೆಯುವಾಗ ಶಿವಕ್ಕನ ಕೈ ಹಿಂಜರಿಯುವುದು ನಿಲ್ಲಲಿಲ್ಲ. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೆಂಗಸರನ್ನು ಕಳಿಸುವ ಒಂದು ಏಜೆನ್ಸಿ ಇದೆ ಎಂದು ಯಾರೋ ಹೇಳಿದ್ದೇ ತಡ, ಹೋಗಿ ಹೆಸರು ಬರೆಸಿ ಬಂದರು. ಹಾಗೆ ೧೯೮೬ರ ಚಳಿಗಾಲದಲ್ಲಿ ಫೋರ್ಟ್ ಲೀ ಊರಿನ ಒಂದು ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿದ್ದ, ಚೀನಾ ಮೂಲದ ಮಿಸೆಸ್ ಚಿನ್ ಅವರ ಮನೆ ಸೇರಿದರು. ಸೋಮವಾರದಿಂದ ಶನಿವಾರದವರೆಗೆ ಅಲ್ಲೇ ವಾಸ. ಭಾನುವಾರ ಒಂದು ದಿನ ಪಿಸ್ಕಾಟವೇ.

ಮಿಸೆಸ್ ಚಿನ್‌ಗೆ ಎಂಬತ್ತರ ಹತ್ತಿರ. ನ್ಯೂಯಾರ್ಕಿನಲ್ಲಿ ಗಂಡನ ಜೊತೆ ಮೂವತ್ತೈದು ವರ್ಷ ಲಾಂಡ್ರಿ ನಡೆಸಿ, ಇಸ್ತ್ರಿಯ ಹಬೆಯಲ್ಲಿ ಬೆಂದ ಕೈಗಳು. ಮಗ ಟೋನಿ ಹಲ್ಲಿನ ಡಾಕ್ಟರು, ಅದೇ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಇಬ್ಬರು ಹೆಂಗಸರಿಗೂ ಬರುತ್ತಿದ್ದದ್ದು ತುಂಡು ಇಂಗ್ಲಿಷು. ಅಷ್ಟರಲ್ಲೇ ಸಂಸಾರ ಸಾಗುತ್ತಿತ್ತು.

ಮೊದಲ ದಿನವೇ ಮಿಸೆಸ್ ಚಿನ್ ಅಡುಗೆಮನೆಯ ಕಪಾಟಿನಿಂದ ಒಂದು ಕಾಗದದ ಪೊಟ್ಟಣ ತೆಗೆಸಿದರು. ಒಳಗೆ ತೆಳ್ಳಗೆ ಹೆಚ್ಚಿ ಒಣಗಿಸಿದ ಕಂದು ಬೇರಿನ ಬಿಲ್ಲೆಗಳು. ಮೂಗಿನ ಹತ್ತಿರ ಹಿಡಿದರೆ ಅಜವಾನದ ಘಾಟು, ಅದರ ಹಿಂದೆ ಒಂದು ಸಿಹಿ.

"ಡಾಂಗ್ ಗ್ವಾಯ್," ಎಂದರು ಮಿಸೆಸ್ ಚಿನ್. "ಓಲ್ಡ್ ಲೇಡಿ ಗುಡ್. ಬ್ಲಡ್ ಗುಡ್. ಯು ಬಾಯಿಲ್." ಮೂರು ಬೆರಳು ಎತ್ತಿ ಬಟ್ಟಲು ತೋರಿಸಿದರು. ಮೂರು ಬಟ್ಟಲು ನೀರು ಇಂಗಿ ಮುಕ್ಕಾಲು ಬಟ್ಟಲಿಗೆ ಇಳಿಯಬೇಕು. ಮಣ್ಣಿನ ಗಡಿಗೆ, ಸಣ್ಣ ಉರಿ.

ಶಿವಕ್ಕನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಾಣಂತಿಯರಿಗೆ ಕಷಾಯ ಇಳಿಸಿದ ಕೈ ಅದು. ದಿನ ಬಿಟ್ಟು ದಿನ ಬೇರು ಕುದಿಸಿದರು. ಮಿಸೆಸ್ ಚಿನ್ ಕಣ್ಣು ಮುಚ್ಚಿ ಕುಡಿದು, ಕಾಲು ಬೆಚ್ಚಗಾಯಿತು ಎನ್ನುತ್ತಿದ್ದರು. ಮೂರು ವರ್ಷ ಹೀಗೇ ಹೋಯಿತು.

ಆ ಮೂರು ವರ್ಷಗಳಲ್ಲಿ ಶಿವಕ್ಕ ಸವೆದರು. ರಾತ್ರಿ ಮೂರು ಸಲ ಎದ್ದು ಮುದುಕಿಯನ್ನು ಬಾತ್‌ರೂಮಿಗೆ ನಡೆಸಬೇಕು. ಟಬ್ಬಿನಿಂದ ಎತ್ತುವಾಗ ಸೊಂಟ ಕಳಕ್ಕೆನ್ನುತ್ತಿತ್ತು. ಭಾನುವಾರ ಕರೆದೊಯ್ಯಲು ಬರುತ್ತಿದ್ದವಳು ಚನ್ನಮ್ಮನ ಮಗಳು ಮಾಧವಿ. ಕಾರು ಹತ್ತಿದ ಐದು ನಿಮಿಷಕ್ಕೆ ಶಿವಕ್ಕನ ತಲೆ ಕಿಟಕಿಗೆ ವಾಲುತ್ತಿತ್ತು.

"ದೊಡ್ಡಮ್ಮ, ಯು ಲುಕ್ ಸೋ ಟೈರ್ಡ್. ವೈ ಡೋಂಟ್ ಯು ಕ್ವಿಟ್?"

"ಬಿಟ್ಟು ಏನ್ ಮಾಡ್ಲಿ ಮಗಾ? ನಿಮ್ಮನೇಲಿ ಟೀವಿ ನೋಡ್ಕೊಂಡು ಕೂತ್ಕೊಳ್ಲಾ?"

೧೯೮೯ರಲ್ಲಿ ಮಿಸೆಸ್ ಚಿನ್‌ಗೆ ಹೃದಯದ ಆಪರೇಷನ್ ಆಯಿತು. ಕವಾಟ ಬದಲಿಸಿ, ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದ ದಿನವೇ ಮುದುಕಿ ಬೇರು ಕೇಳಿದರು. ಶಿವಕ್ಕ ಕುದಿಸಿಕೊಟ್ಟರು. ಮಾತ್ರೆ ಮಾತ್ರೆಯ ಪಾಡಿಗೆ, ಬೇರು ಬೇರಿನ ಪಾಡಿಗೆ ಎಂದುಕೊಂಡಿದ್ದರು.

ಮೂರು ವಾರ ಕಳೆದಿರಬಹುದು. ಸ್ನಾನ ಮಾಡಿಸುವಾಗ ಮಿಸೆಸ್ ಚಿನ್ ತೊಡೆಯ ಮೇಲೆ ಅಂಗೈ ಅಗಲದ ನೀಲಿ ಕಲೆ ಕಂಡಿತು. ಎಲ್ಲೂ ಬಿದ್ದಿರಲಿಲ್ಲ. ಮಾರನೆಯ ದಿನ ತೋಳಿನ ಮೇಲೆ ಇನ್ನೊಂದು. ಅದರ ಮಾರನೆಯ ದಿನ ಹಲ್ಲುಜ್ಜುವಾಗ ಉಗಿದ ನೀರೆಲ್ಲ ಕೆಂಪು. ಶಿವಕ್ಕ ಟವೆಲ್ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಮಾತ್ರೆ ಕೊಟ್ಟ ಕೈಯೂ ತನ್ನದೇ, ಬೇರು ಕುದಿಸಿದ ಕೈಯೂ ತನ್ನದೇ. ಮೂವತ್ತು ವರ್ಷ ನರ್ಸ್ ಆಗಿದ್ದೂ ಒಂದು ಮಾತು ಯಾರನ್ನೂ ಕೇಳಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಟೋನಿಗೆ ಫೋನ್ ಮಾಡಿದರು. ರಕ್ತ ಪರೀಕ್ಷೆಯಾಯಿತು. ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳುವಾಗಿದೆ, ಇನ್ನೇನು ತಗೊಳ್ಳುತ್ತಿದ್ದಾರೆ ಎಂದು ಡಾಕ್ಟರು ಕೇಳಿದರು. ಶಿವಕ್ಕ ಬ್ಯಾಗಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ಐ ಬಾಯಿಲ್. ಐ ಗಿವ್," ಎಂದರು. ಡಾಕ್ಟರು ಬಯ್ಯಲಿಲ್ಲ. ಬೇರು ನಿಲ್ಲಿಸಿ ಎಂದಷ್ಟೇ ಹೇಳಿದರು. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಶಿವಕ್ಕನಿಗೆ ಅನ್ನಿಸಿತು.

ಡಾಕ್ಟರು ಹೇಳಿದ್ದು ಸುಲಭ. ನಿಲ್ಲಿಸುವುದು ಸುಲಭವಾಗಿರಲಿಲ್ಲ. ಮಿಸೆಸ್ ಚಿನ್ ಮೊದಲು ಬೇಡಿದರು, ಆಮೇಲೆ ಗದರಿದರು. "ಮೈ ಹೌಸ್. ಮೈ ಬ್ಲಡ್." ಶಿವಕ್ಕ ಆಗದು ಎಂದು ತಲೆ ಆಡಿಸಿದರು. ಮುದುಕಿ ಮಾತು ಬಿಟ್ಟರು. ಒಂದೇ ಮನೆಯಲ್ಲಿ ಹನ್ನೆರಡು ದಿನ ಮೌನ. ಆರು ಗಂಟೆಗೆ ಎಬ್ಬಿಸು, ಔಷಧಿ ಕೊಡು, ಗಂಜಿ ಕೊಡು, ಒರೆಸು, ಮಲಗಿಸು. ಉತ್ತರವಿಲ್ಲದ ಮುಖಕ್ಕೆ ಇಷ್ಟೆಲ್ಲ ಮಾಡುವುದರಲ್ಲಿ ಶಿವಕ್ಕ ಎರಡರಷ್ಟು ದಣಿದರು. ಹದಿಮೂರನೆಯ ದಿನ ಹಾಸಿಗೆ ಸರಿಮಾಡುವಾಗ ದಿಂಬಿನ ಚೀಲದೊಳಗೆ ಬೇರಿನ ಬಿಲ್ಲೆಗಳು ಸಿಕ್ಕವು, ಕೆಲವು ಅರ್ಧ ಅಗಿದಂಥವು. ಗೆಳತಿ ಯಾರೋ ತಂದುಕೊಟ್ಟಿದ್ದರು.

ಶಿವಕ್ಕ ಕೂಗಾಡಲಿಲ್ಲ. ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮುದುಕಿಯ ಎದುರು ಕುಳಿತರು. "ನನ್ನ ಮಾತು ಬೇಡ, ಡಾಕ್ಟರ ಮಾತೂ ಬೇಡ," ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ. "ಈ ಬೇರು ಮಾರೋನನ್ನೇ ಕೇಳೋಣ. ಅವನು ಕೊಡು ಅಂದ್ರೆ ಕುದಿಸ್ತೀನಿ."

ಮಿಸೆಸ್ ಚಿನ್ ಆ ಗಂಟನ್ನು ನೋಡಿ, "ಓಕೆ," ಎಂದರು.

ಬುಧವಾರ ಟೋನಿಗೆ ರಜೆ. ಇಬ್ಬರನ್ನೂ ನ್ಯೂಯಾರ್ಕಿನ ಚೈನಾಟೌನಿಗೆ ಕರೆದುಕೊಂಡು ಹೋದ. ಪಾರ್ಕಿಂಗ್ ಸಿಗದೆ ಅವನು ಕಾರಿನಲ್ಲೇ ಉಳಿದ. ಶಿವಕ್ಕ ಮುದುಕಿಯನ್ನು ತೋಳಿಗೆ ಆನಿಸಿಕೊಂಡು ಅಂಗಡಿಯ ಎರಡು ಮೆಟ್ಟಿಲು ಹತ್ತಿಸಿದರು. ಗೋಡೆಯುದ್ದಕ್ಕೂ ಚಿಕ್ಕ ಚಿಕ್ಕ ಮರದ ಡ್ರಾಯರುಗಳು. ಬೇರು ನಾರು ಮಾರುವ ನಮ್ಮೂರ ಗ್ರಂಧಿಗೆ ಅಂಗಡಿಯ ವಾಸನೆಯೇ. ಗಲ್ಲಾಪೆಟ್ಟಿಗೆಯ ಹಿಂದಿದ್ದ, ಬೇರು ಮಾರುವ ವೈದ್ಯನಿಗೂ ಎಪ್ಪತ್ತು ದಾಟಿತ್ತು. ಮಿಸೆಸ್ ಚಿನ್ ತಮ್ಮ ಭಾಷೆಯಲ್ಲಿ ದೂರು ಹೇಳತೊಡಗಿದರು. ಶಿವಕ್ಕ ನಡುವೆ ಬಾಯಿ ಹಾಕದೆ ಮಾತ್ರೆಯ ಡಬ್ಬಿ ತೆಗೆದು ಅವನ ಮುಂದಿಟ್ಟರು. ಮುದುಕಿಯ ತೋಳು ಮೇಲೆತ್ತಿ ನೀಲಿ ಕಲೆ ತೋರಿಸಿದರು.

ವೈದ್ಯ ಕನ್ನಡಕ ಹಾಕಿಕೊಂಡು ಡಬ್ಬಿಯ ಚೀಟಿ ಓದಿದ. ಆಮೇಲೆ ಏರಿದ ಅವನ ದನಿ ಕೇಳಿ ಅಂಗಡಿಯವರೆಲ್ಲ ತಿರುಗಿ ನೋಡಿದರು. ಮಿಸೆಸ್ ಚಿನ್ ಶಾಲೆಯ ಹುಡುಗಿಯಂತೆ ತಲೆ ತಗ್ಗಿಸಿದರು. ಕೊನೆಗೆ ಅವನು ಶಿವಕ್ಕನ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದ. "ಈ ಬೇರು ರಕ್ತ ಓಡಿಸುತ್ತೆ. ಮಾತ್ರೆಯೂ ಓಡಿಸುತ್ತೆ. ಎರಡೂ ಸೇರಿದ್ರೆ ನಿಲ್ಲೋದೆಲ್ಲಿ? ಈಕೆ ಮಾತ್ರೆ ವಿಷಯ ನನಗೆ ಹೇಳಿರಲಿಲ್ಲ. ಇನ್ನು ಇವರಿಗೆ ಇಲ್ಲಿಂದ ಒಂದು ತುಂಡೂ ಹೋಗಲ್ಲ."

ಹೇಳುತ್ತಲೇ ಅವನು ಶಿವಕ್ಕನ ಮುಖವನ್ನು ದಿಟ್ಟಿಸಿದ. ನಾಲಿಗೆ ತೋರಿಸಿ ಎಂದ. ಮಣಿಕಟ್ಟು ಹಿಡಿದು ನಾಡಿ ನೋಡಿದ.

"ನೀವು ಆಕೆಗಿಂತ ಸುಸ್ತಾಗಿದ್ದೀರಿ. ಎಷ್ಟು ವರ್ಷ ಆಯ್ತು ಸರಿಯಾಗಿ ನಿದ್ದೆ ಮಾಡಿ?"

ಊರಿನಲ್ಲಾಗಲಿ ಇಲ್ಲಿಯಾಗಲಿ ಆ ಪ್ರಶ್ನೆಯನ್ನು ಶಿವಕ್ಕನಿಗೆ ಯಾವ ವೈದ್ಯನೂ ಕೇಳಿರಲಿಲ್ಲ. ಕಣ್ಣು ತುಂಬಿದ್ದು ಕಾಣದಿರಲೆಂದು ಡಬ್ಬಿಯನ್ನು ಬ್ಯಾಗಿಗೆ ಹಾಕುತ್ತ ನಿಂತರು.

ಅವನು ಇನ್ನೊಂದು ಡ್ರಾಯರಿನಿಂದ ಹಳದಿ ಬಣ್ಣದ ಬೇರಿನ ಉದ್ದುದ್ದ ಸೀಳುಗಳನ್ನು ತೆಗೆದು, ಒಂದು ಹಿಡಿ ಒಣ ಕೆಂಪು ಹಣ್ಣು ಸೇರಿಸಿ ಕಟ್ಟಿಕೊಟ್ಟ. ವಯಸ್ಸಾದವರ ನಿತ್ರಾಣಕ್ಕೆ ಇದು ಎಂದ. ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ ಎಂದೂ ಸೇರಿಸಿದ. ಮಧ್ಯಾಹ್ನ ಒಂದು ಗಂಟೆ ಹೊತ್ತು ಮಲಗದೆ ಇದನ್ನು ಕುಡಿದರೆ ಬಿಸಿನೀರು ಕುಡಿದಂತೆ ಎಂದ.

ಭಾನುವಾರ ವಿಷಯ ತಿಳಿದ ನಂಜುಂಡಸ್ವಾಮಿ, "ಅಕ್ಕಾವ್ರೇ, ಒಂದು ಬೇರಿಂದ ಇಷ್ಟೆಲ್ಲಾ ಆಯ್ತು, ಈಗ ಇನ್ನೊಂದು ತಂದಿದ್ದೀರಲ್ಲ!" ಎಂದು ನಕ್ಕ. ಶಿವಕ್ಕ ತೋರಿಸಿದಾಗ ಅವರ ಡಾಕ್ಟರಿಗೂ ಆ ಬೇರಿನ ಪರಿಚಯವಿರಲಿಲ್ಲ. ನೀವು ತಗೊಳ್ಳುವ ಮಾತ್ರೆಗಳು ಕಡಿಮೆ, ಸ್ವಲ್ಪ ಕುಡಿದು ನೋಡಿ, ಏನಾದರೂ ಆದರೆ ನಿಲ್ಲಿಸಿ ಎಂದರು.

ಶಿವಕ್ಕ ಕುಡಿದರು. ಆದರೆ ಮಧ್ಯಾಹ್ನದ ನಿದ್ದೆ ಅವರ ಕೈಯಲ್ಲಿರಲಿಲ್ಲ, ಮಿಸೆಸ್ ಚಿನ್ ಕೈಯಲ್ಲಿತ್ತು. ಮುದುಕಿ ಅದನ್ನು ಹುಕುಮಿನಂತೆ ನಡೆಸಿದರು. ಊಟವಾಗುತ್ತಲೇ ಸೋಫಾ ತೋರಿಸಿ, "ಯು ಸ್ಲೀಪ್," ಎನ್ನುವರು. ಫೋನಿನ ರಿಸೀವರ್ ಎತ್ತಿ ಕೆಳಗಿಟ್ಟು, ಟೀವಿಯ ಸದ್ದು ಅಡಗಿಸಿ, ಎದುರಿನ ಕುರ್ಚಿಯಲ್ಲಿ ಕೂತು ಕಾಯುವರು. ಮೊದಲ ದಿನಗಳಲ್ಲಿ ಶಿವಕ್ಕ ಕಣ್ಣು ಮುಚ್ಚಿ ಸುಮ್ಮನೆ ಬಿದ್ದಿರುತ್ತಿದ್ದರು. ಆಮೇಲೆ ನಿಜವಾಗಿಯೂ ನಿದ್ದೆ ಹತ್ತಿತು. ಬೇರಿನಿಂದಲೋ, ಆ ಒಂದು ಗಂಟೆಯಿಂದಲೋ, ಸೊಂಟದ ನೋವು ಹೋಗದಿದ್ದರೂ ಬೆಳಗ್ಗೆ ಏಳುವಾಗಿನ ಭಾರ ಸ್ವಲ್ಪ ಇಳಿಯಿತು.

ಮಿಸೆಸ್ ಚಿನ್ ಇನ್ನೂ ಎರಡು ವರ್ಷ ಬದುಕಿದರು. ಕಾಲು ತಣ್ಣಗೆ ಎಂದು ಗೊಣಗುತ್ತಲೇ ಇದ್ದರು. ಶಿವಕ್ಕ ಎರಡು ಜೊತೆ ಕಾಲುಚೀಲ ಹಾಕಿ ಪಾದ ತಿಕ್ಕುತ್ತಿದ್ದರು. ೧೯೯೧ರ ಡಿಸೆಂಬರಿನಲ್ಲಿ ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಟೋನಿ ಶಿವಕ್ಕನನ್ನು ಮನೆಯವರ ಸಾಲಿನಲ್ಲೇ ನಿಲ್ಲಿಸಿದ.

ಫೆಬ್ರವರಿಯಲ್ಲಿ ಏಜೆನ್ಸಿಯವರು ಪಿಸ್ಕಾಟವೇಗೆ ಫೋನ್ ಮಾಡಿದರು. ಹೋಬೋಕನ್‌ನಲ್ಲಿ ಒಬ್ಬರು ಮುದುಕರಿದ್ದಾರೆ, ಒಳ್ಳೆಯವರು, ಶಿವಲಿಂಗಮ್ಮನವರೇ ಆಗಬೇಕು ಎಂದರು. ಫೋನ್ ಎತ್ತಿದವಳು ಚನ್ನಮ್ಮ. ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತ ಕೂತಿದ್ದ ಅಕ್ಕನನ್ನು ಒಮ್ಮೆ ನೋಡಿ, "ನೋ, ಶೀ ಈಸ್ ರಿಟೈರ್ಡ್," ಎಂದು ಹೇಳಿ ಇಟ್ಟಳು.

"ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ಕಣೇ ಚನ್ನಿ," ಎಂದರು ಶಿವಕ್ಕ.

"ಕೇಳಿದ್ರೆ ನೀನು ಹೂಂ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಶಿವಕ್ಕ ಇನ್ನೊಂದು ಕಾಯಿ ತೆಗೆದುಕೊಂಡು ನಾರು ಬಿಡಿಸಿದರು.